ಹದಿನಾಲ್ಕನೇ ನಂಬರಿನ ನೊಣಗಳು

ಮರಳುನೊಣದ ಕರುಳನ್ನು ಹರಿಯದಂತೆ ಹೊರತೆಗೆಯಬಲ್ಲ ಕೈ ಆ ಕೇಂದ್ರದಲ್ಲಿ ಒಂದೇ ಇತ್ತು. ಅದು ತೇತರಿಯದು. ಓದಿದವರು ಏಳು ಜನ ಇದ್ದರು, ಅವರಲ್ಲಿ ಇಬ್ಬರು ವಿದೇಶಕ್ಕೂ ಹೋಗಿ ಬಂದವರು. ಅವರ ಸೂಜಿ ತಾಗಿದರೆ ಕರುಳು ಒದ್ದೆ ಕಾಗದದ ಹಾಗೆ ಕಿತ್ತು ಬರುತ್ತಿತ್ತು. ತೇತರಿ ಎಡಗೈ ಸೂಜಿಯಿಂದ ನೊಣದ ಎದೆಯನ್ನು ಒತ್ತಿ ಹಿಡಿದು, ಬಲಗೈ ಸೂಜಿಯಿಂದ ಬಾಲದ ತುದಿಯನ್ನು ಎಳೆದೂ ಎಳೆಯದ ಹಾಗೆ ಎಳೆಯುತ್ತಿದ್ದಳು. ಗಾಜಿನ ಮೇಲಿನ ನೀರಹನಿಯೊಳಗೆ ಇಡೀ ಕರುಳು ತಾನಾಗಿ ಜಾರಿ ಬಂದು ಮಲಗುತ್ತಿತ್ತು.

"ಇಲಿ ಬಿಲ ಅಗೆದ ಕೈ ಅಲ್ವಾ, ಒಳಗಿರೋದನ್ನ ಹೊರಗೆ ತೆಗೆಯೋದು ರಕ್ತದಲ್ಲೇ ಬಂದಿದೆ," ಎಂದು ಕೇಂದ್ರದ ಮುಖ್ಯಸ್ಥ ಡಾಕ್ಟರ್ ಅಖೌರಿ ಬಂದ ಅತಿಥಿಗಳ ಮುಂದೆ ಹೇಳುತ್ತಿದ್ದರು. ಅತಿಥಿಗಳು ನಗುತ್ತಿದ್ದರು. ಇಲಿ ಹಿಡಿದು ಬದುಕುವ ಮುಸಹರ ಜಾತಿಯ ಹೆಂಗಸು ತೇತರಿಯೂ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಎಂಟು ವರ್ಷದ ಹಿಂದೆ ಗಂಡ ಲುಟಾವನ್ ಕಾಲಾಜಾರ್ ಜ್ವರದಲ್ಲಿ ಹೊಟ್ಟೆ ಊದಿ, ಮೈ ಕಪ್ಪಾಗಿ ಸತ್ತಾಗ, ಅದೇ ಜ್ವರದ ನೊಣ ಹಿಡಿಯುವ ಕೆಲಸಕ್ಕೆ ಅವಳನ್ನು ಕರೆದವರು ಇದೇ ಡಾಕ್ಟರು. ಬೆಳಗಾಗುವ ಮೊದಲು ದನದ ಕೊಟ್ಟಿಗೆಗಳಿಗೆ ಹೋಗಿ ಗೋಡೆಯ ಬಿರುಕಿನಿಂದ ನೊಣಗಳನ್ನು ಗಾಜಿನ ನಳಿಕೆಯಲ್ಲಿ ಬಾಯಿಂದ ಎಳೆದುಕೊಳ್ಳಬೇಕಿತ್ತು. ಎರಡು ವರ್ಷ ಅದನ್ನು ಮಾಡಿದಳು. ಒಂದು ದಿನ ಸೂಜಿ ಹಿಡಿಯಲು ಯಾರೂ ಇರಲಿಲ್ಲವೆಂದು ಕೂರಿಸಿದರು. ಆಮೇಲೆ ಎಬ್ಬಿಸಲೇ ಇಲ್ಲ.

ತೇತರಿಗೆ ಓದು ಬರಹ ಬಾರದು, ಅಂಕಿ ಮಾತ್ರ ಬರುತ್ತಿತ್ತು. ಆದರೆ ನೊಣದ ಹೊಟ್ಟೆಯೊಳಗಿನ ಸಂಗತಿಯನ್ನು ಅವಳಿಂದ ಕೇಳಬೇಕು. ನೊಣ ರಕ್ತ ಕುಡಿದ ದಿನವೇ ಆ ರಕ್ತದ ಸುತ್ತ ತೆಳ್ಳನೆಯ ಪೊರೆಯೊಂದು ಕಟ್ಟಿಕೊಳ್ಳುತ್ತದೆ. ಅವಳು ಅದನ್ನು ಥೈಲಿ, ಅಂದರೆ ಚೀಲ, ಎನ್ನುತ್ತಿದ್ದಳು. ಜ್ವರದ ಹುಳು ಆ ಥೈಲಿಯೊಳಗೇ ಸಿಕ್ಕಿಕೊಂಡು, ಅಲ್ಲೇ ರಕ್ತ ತಿಂದು, ಬಾಲ ಬೆಳೆಸುತ್ತದೆ. ನಾಲ್ಕನೇ ದಿನದ ಹೊತ್ತಿಗೆ ಥೈಲಿ ಹರಿಯಬೇಕು. ಹರಿದರೆ ಹುಳು ಹೊರಬಿದ್ದು ಕರುಳಿನ ಗೋಡೆ ಹಿಡಿಯುತ್ತದೆ, ಬದುಕುತ್ತದೆ, ಮುಂದೆ ಆ ನೊಣ ಯಾರನ್ನು ಕಚ್ಚಿದರೂ ಅವರ ಮೈ ಸೇರುತ್ತದೆ. ಹರಿಯದಿದ್ದರೆ ನೊಣದ ಹೇಲಿನ ಜೊತೆ ಥೈಲಿಯೂ ಹೋಗುತ್ತದೆ, ಹುಳುವೂ ಹೋಗುತ್ತದೆ. "ಎಲ್ಲಾ ಇರೋದು ಆ ಒಂದು ಥೈಲೀಲಿ," ಎನ್ನುತ್ತಿದ್ದಳು.

ಡಾಕ್ಟರ್ ಅಖೌರಿಯವರ ಹೊಸ ಪ್ರಯೋಗ ಇದರ ಮೇಲೆಯೇ. ಜ್ವರ ಬಂದು ವಾಸಿಯಾದ ಕೆಲವರ ಮೈಮೇಲೆ ಒಂದೆರಡು ವರ್ಷದ ನಂತರ ಬಿಳಿಚಿದ ಕಲೆಗಳು ಏಳುತ್ತವೆ. ಅಂಥವರ ಚರ್ಮದಲ್ಲಿ ಹುಳು ಅಡಗಿರುತ್ತದೆ. ಮಂಗಳವಾರ ಅವರ ಮುಂಗೈಗೆ ನೊಣ ತುಂಬಿದ ಬಟ್ಟಲನ್ನು ಕಾಲು ಗಂಟೆ ಕಟ್ಟುವುದು. ಕಚ್ಚಿದ ನೊಣಗಳಲ್ಲಿ ಅರ್ಧಕ್ಕೆ ಬರೀ ಸಕ್ಕರೆ ನೀರು, ಅರ್ಧಕ್ಕೆ ಥೈಲಿಯನ್ನು ಗಟ್ಟಿ ಮಾಡುವ ಮದ್ದು ಬೆರೆಸಿದ ಸಕ್ಕರೆ ನೀರು. ಶನಿವಾರ ಎರಡನ್ನೂ ಬಿಚ್ಚಿ ಎಣಿಸುವುದು. ಶನಿವಾರ ತಪ್ಪಿದರೆ ಎಲ್ಲಾ ತಪ್ಪಿದಂತೆ. ಭಾನುವಾರಕ್ಕೆ ಥೈಲಿಯ ಗುರುತೂ ಉಳಿಯುವುದಿಲ್ಲ.

ಭಾದ್ರಪದದಲ್ಲಿ ಡಾಕ್ಟರು ಜೀಪಿನಲ್ಲಿ ತೇತರಿಯ ಕೇರಿಗೆ, ಟೋಲಾಗೆ, ಬಂದು ಬೇವಿನ ಮರದ ಕೆಳಗೆ ನಿಂತು ಹೇಳಿದ್ದರು: "ಯಾರ ನೊಣದಲ್ಲಿ ಹುಳು ಸಿಗುತ್ತೋ ಅವರಿಗೆ ಆವತ್ತೇ ಔಷಧಿ, ಪುಕ್ಕಟೆ. ಸಿಗದೆ ಇದ್ದೋರು ಪ್ರತಿ ಮಂಗಳವಾರ ಬಂದು ತೋರಿಸ್ತಾ ಇರಿ." ತೇತರಿಯೇ ಮನೆಮನೆಗೆ ಹೋಗಿ ಜನರನ್ನು ಒಪ್ಪಿಸಿದಳು. ಮೊದಲು ಒಪ್ಪಿದ್ದು ಅವಳ ಓರಗಿತ್ತಿಯ ಮಗಳು ಸುಗಿಯಾ.

ಸುಗಿಯಾಗೆ ಹತ್ತೊಂಬತ್ತು. ಮದುವೆ ಆಗಿ ಎರಡು ವರ್ಷವಾಗಿತ್ತು, ಗೌನಾ ಮಾಡಿ ಗಂಡನ ಮನೆಗೆ ಕಳಿಸುವುದೊಂದು ಬಾಕಿ. ಅಷ್ಟರಲ್ಲಿ ಕೆನ್ನೆ, ಗಲ್ಲ, ತೋಳಿನ ಮೇಲೆ ಕಲೆಗಳು ಎದ್ದವು. ಗಂಡಕ್ ನದಿಯಾಚೆಯ ಬೀಗರು "ಕಲೆ ಹೋಗ್ಲಿ, ಆಮೇಲೆ ನೋಡೋಣ" ಎಂದರು. ಅಪ್ಪ ಪಂಜಾಬಿನಲ್ಲಿ ಭತ್ತ ಕೊಯ್ಯಲು ಹೋದವನು ಹೋಳಿ ಹಬ್ಬಕ್ಕೇ ಬರುವುದು. ಅಮ್ಮ ಕಬೂತ್ರಿ ಮಗಳ ಮುಖವನ್ನು ಅರಿಶಿನದಲ್ಲಿ ಉಜ್ಜಿ ಉಜ್ಜಿ ಸೋತಿದ್ದಳು.

ಮಂಗಳವಾರದ ಮೇಲೆ ಮಂಗಳವಾರ ಸುಗಿಯಾ ಹೋಗುತ್ತಲೇ ಇದ್ದಳು. ಮುಂದಿನ ಕೋಣೆಯಲ್ಲಿ ಬಟ್ಟಲು ಕಟ್ಟಿಸಿಕೊಂಡು, ಬಿಸ್ಕತ್ತು ತಿಂದು ಬರುತ್ತಿದ್ದಳು. ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದ ತೇತರಿಗೆ ಬಟ್ಟಲಿನ ಮೇಲಿನ ನಂಬರು ಮಾತ್ರ ಕಾಣುತ್ತಿತ್ತು. ಯಾವ ನಂಬರು ಯಾರದೆಂಬ ಪಟ್ಟಿ ಡಾಕ್ಟರ ಬೀರುವಿನಲ್ಲಿ ಬೀಗದೊಳಗಿತ್ತು. ಮತ್ತೆ ಮತ್ತೆ ಕರೆಯುತ್ತಾರೆ ಎಂದರೆ ಹುಳು ಸಿಕ್ಕಿಲ್ಲ ಎಂದೇ ಅರ್ಥ. ಅದಕ್ಕೆ ಸರಿಯಾಗಿ ಆಶ್ವೀಜದಲ್ಲಿ ಮೊಹರು ಒತ್ತಿದ ಚೀಟಿಯೂ ಬಂತು: ಪರೋಪಜೀವಿ ಕಂಡುಬಂದಿಲ್ಲ. ಕಬೂತ್ರಿ ಆ ಚೀಟಿಯನ್ನು ಬೀಗರಿಗೆ ಕಳಿಸಿದಳು. ಹುಡುಗಿ ಶುದ್ಧ ಎಂದು ನಂಬಲಿ ಅಂತ.

ಆ ದಿನಗಳಲ್ಲಿ ತೇತರಿಯ ಮುದ್ದಿನ ನಂಬರು ಹದಿನಾಲ್ಕು. ಬೇರೆ ನಂಬರಿನ ನೊಣಗಳನ್ನು ಇಡೀ ದಿನ ಬಿಚ್ಚಿದರೂ ಒಂದು ಹುಳು ಕಾಣುತ್ತಿರಲಿಲ್ಲ. ಹದಿನಾಲ್ಕರದು ಅರ್ಧಕ್ಕರ್ಧ. "ಬನ್ನಿ ನೋಡಿ, ಛಠ್ ಹಬ್ಬದ ದಿನದ ನದಿ ಮೆಟ್ಟಿಲಿನ ಹಾಗೆ ನೂಕುನುಗ್ಗಲು," ಎಂದು ಅವಳು ಸೂಕ್ಷ್ಮದರ್ಶಕದಿಂದ ತಲೆ ಎತ್ತಿ ಕೂಗುತ್ತಿದ್ದಳು. ಲೆಕ್ಕ ಬರೆದುಕೊಳ್ಳುವ ಶಗುಫ್ತಾ ಎಂಬ ಹುಡುಗಿ ಬಂದು ನೋಡಿ ನಗುತ್ತಿದ್ದಳು. ನಾಲ್ಕನೇ ವಾರ ತೇತರಿಗೆ ಒಂದು ಅನುಮಾನ ಬಂತು. ಹುಳು ಸಿಕ್ಕ ಮೇಲೂ ಈ ಮನುಷ್ಯ ಯಾಕೆ ಬರುತ್ತಲೇ ಇದ್ದಾನೆ? ಡಾಕ್ಟರನ್ನೇ ಕೇಳಿದಳು.

"ಹದಿನಾಲ್ಕಕ್ಕೆ ಔಷಧಿ ನಡೀತಿದೆ. ಹುಳು ಸಾಯೋಕೆ ಟೈಮ್ ಬೇಕಲ್ಲ," ಎಂದರು ಅವರು.

ಅವಳು ನಂಬಿದಳು. ನಂಬದೆ ಇರಲು ಕಾರಣ ಇರಲಿಲ್ಲ.

ಕಾರ್ತಿಕ ಮುಗಿದು ಎಂಟು ದಿನಕ್ಕೆ, ಒಂದು ಶುಕ್ರವಾರ ಬೆಳಿಗ್ಗೆ, ಬೀಗ ಜಗರೂಪ್ ಮಾಂಝಿ ಮತ್ತು ಅವನ ಹೆಂಡತಿ ಮರ್ಛಿಯಾ ಟೆಂಪೋದಲ್ಲಿ ಬಂದಿಳಿದರು. ಕಬೂತ್ರಿ ಚಾಪೆ ಹಾಸಿದಳು. ಅವರು ಕೂರಲಿಲ್ಲ. ಮರ್ಛಿಯಾ ಮಡಿಲಿನಿಂದ ಮಡಿಸಿದ ಸೀರೆಯೊಂದನ್ನು ತೆಗೆದು ಚಾಪೆಯ ಮೇಲಿಟ್ಟಳು. ಮದುವೆಯಲ್ಲಿ ಹುಡುಗನ ಕಡೆಯವರಿಗೆ ಕೊಟ್ಟ ಸೀರೆ ಅದು.

"ಇದೇನು ಬೀಗಿತ್ತೀ?" ಎಂದಳು ಕಬೂತ್ರಿ.

"ನಿಮ್ಮದು ನಿಮಗೆ. ನಮ್ಮ ಹುಡುಗನಿಗೆ ಬೇರೆ ಕಡೆ ನೋಡ್ತೀವಿ. ನಿಮ್ಮ ಮಗಳ ಮುಖ ನೋಡಿದ್ರೆ ಯಾರೋ ಮಜ್ಜಿಗೆ ಎರಚಿದ ಹಾಗಿದೆ."

ತೇತರಿ ಕೆಲಸಕ್ಕೆ ಹೊರಟು ನಿಂತಿದ್ದವಳು ಮುಂದೆ ಬಂದಳು. "ಅದು ಕಾಲಾಜಾರ್ ಆದ್ಮೇಲೆ ಏಳೋ ಕಲೆ. ಅದಕ್ಕೆ ಮಾತ್ರೆ ಇದೆ, ಹೋಗುತ್ತೆ. ನಾನು ದಿನಾ ನೋಡೋ ಕೆಲಸ ಇದು."

"ನೀನು ನೋಡೋದು ನೊಣದ ಹೊಟ್ಟೆ ಕಣವ್ವ, ಮನುಷ್ಯರದಲ್ಲ," ಎಂದಳು ಮರ್ಛಿಯಾ. "ನಿಮ್ಮ ದವಾಖಾನೆಯೋರೇ ಬರ್ಕೊಟ್ಟಿದಾರಲ್ಲ, ನೀವೇ ಕಳಿಸಿದ್ರಲ್ಲ ಚೀಟಿ. ಮೇಷ್ಟ್ರ ಹತ್ರ ಓದಿಸಿದ್ವಿ. ಕಾಲಾಜಾರ್ ಹುಳ ಇಲ್ಲ ಅಂತಿದೆ. ಅದು ಅಲ್ಲ ಅಂದ್ಮೇಲೆ ಇನ್ನೇನು ಉಳೀತು? ಕುಷ್ಠ. ಕುಷ್ಠದೋಳನ್ನ ಒಳಗೆ ಕರ್ಕೊಂಡು ನಮ್ಮ ಒಲೆ ಮುಂದೆ ಕೂರಿಸ್ಕೊಳ್ಳೋದಾ?"

ಜಗರೂಪ್ ನೆಲ ನೋಡುತ್ತ ನಿಂತಿದ್ದ. "ಪಂಚರಿಗೂ ಹೇಳಿ ಆಯ್ತು," ಎಂದಷ್ಟೇ ಹೇಳಿದ. ಅವರು ಬಂದ ಟೆಂಪೋ ಇನ್ನೂ ತಿರುಗಿ ನಿಂತೇ ಇತ್ತು. ಅದರಲ್ಲೇ ಹೋದರು.

ಸುಗಿಯಾ ಬಾಗಿಲ ಸಂದಿಯಿಂದ ಎಲ್ಲಾ ಕೇಳಿದ್ದಳು. ಅಳಲಿಲ್ಲ. ಒಳಗೆ ಹೋಗಿ ತಗಡಿನ ಡಬ್ಬಿ ತೆರೆದು, ಕೇಂದ್ರದವರು ಕೊಟ್ಟಿದ್ದ ಹಳದಿ ಕಾರ್ಡನ್ನು ತಂದು ಅಂಗಳಕ್ಕೆ ಎಸೆದಳು. "ನಾನಿನ್ನು ಅಲ್ಲಿಗೆ ಹೋಗಲ್ಲ ಕಾಕಿ. ನನ್ನ ಕೈ ನೋಡು, ಹುರಿಗಡಲೆ ಚೆಲ್ಲಿದ ಹಾಗೆ ಕಚ್ಚಿಸ್ಕೊಂಡಿದೀನಿ. ಸಿಕ್ಕಿದ್ದು ಕುಷ್ಠ ಅನ್ನೋ ಹೆಸರು."

ತೇತರಿ ಕಾರ್ಡನ್ನು ಎತ್ತಿಕೊಂಡಳು. ಮೂಲೆಯಲ್ಲಿ ದೊಡ್ಡದಾಗಿ ಒಂದು, ಅದರ ಪಕ್ಕ ನಾಲ್ಕು.

ಅವಳು ಇನ್ನೊಮ್ಮೆ ನೋಡಿದಳು. ಕಾರ್ಡನ್ನು ತಿರುಗಿಸಿ, ಮತ್ತೆ ಇತ್ತ ತಿರುಗಿಸಿ ನೋಡಿದಳು. ಚಾಪೆಯ ಮೇಲೆ, ಆ ಸೀರೆಯ ಪಕ್ಕದಲ್ಲೇ ಕುಳಿತಳು. ಕಳೆದ ಶನಿವಾರ ತಾನು ಕೂಗಿದ್ದು, ಶಗುಫ್ತಾ ನಕ್ಕಿದ್ದು, ಡಾಕ್ಟರು ಬೆನ್ನು ತಟ್ಟಿ "ಶಾಭಾಷ್" ಎಂದದ್ದು ಎಲ್ಲಾ ನೆನಪಾಯಿತು.

"ಸುಗ್ಗೀ, ನಿನ್ನ ಮೈಯಲ್ಲಿ ಹುಳ ಇದೆ. ಮೊದಲನೇ ವಾರದಿಂದ ಇದೆ. ಹನ್ನೊಂದು ವಾರ ಆಯ್ತು."

"ಇಲ್ಲ ಅಂತ ಚೀಟಿ ಕೊಟ್ರಲ್ಲ?"

"ಇದೆ. ನಾನೇ ಎಣಿಸಿದ್ದು."

"ನಿನಗೆ ಗೊತ್ತಿತ್ತಾ?"

"ನಂಬರು ಗೊತ್ತಿತ್ತು," ಎಂದಳು ತೇತರಿ. ಆ ಮಾತು ತನ್ನ ಬಾಯಿಂದ ಬಂದದ್ದು ಕೇಳಿ ತನಗೇ ಅಸಹ್ಯವಾಯಿತು.

ಕಬೂತ್ರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಓರಗಿತ್ತಿಯ ಭುಜ ಹಿಡಿದು ಅಲುಗಾಡಿಸಿದಳು. "ಅಲ್ಲಿ ಫ್ಯಾನಿನ ಕೆಳಗೆ ಕೂತು ನನ್ನ ಮಗಳ ನೆತ್ತರು ಎಣಿಸ್ತಿದ್ದೆಯೇನೇ? ಸಂಜೆ ಬಂದು ನನ್ನ ಕೈಯ ರೊಟ್ಟಿ ತಿಂತಿದ್ದೆಯಲ್ಲೇ." ಆಮೇಲೆ ಟೆಂಪೋ ಹೋದ ದಾರಿಯಲ್ಲಿ ಓಡಿದಳು. ದೊಡ್ಡ ರಸ್ತೆಯ ತನಕ ಹೋಗಿ, ಧೂಳು ಮೆತ್ತಿಕೊಂಡು, ಖಾಲಿ ಕೈಯಲ್ಲಿ ವಾಪಸು ಬಂದಳು. ಆ ದಿನ ತೇತರಿ ಕೆಲಸಕ್ಕೆ ಹೋಗಲಿಲ್ಲ. ಅವಳೊಳಗೆ ಏನೋ ಕುದಿಯುತ್ತಿತ್ತು, ಅದು ಎಲ್ಲಿಗೆ ಹರಿಯಬೇಕೆಂದು ಬೆಳಗಿನ ತನಕ ತಿಳಿಯಲಿಲ್ಲ. ಬೆಳಿಗ್ಗೆ ತಿಳಿಯಿತು. ಅಂದು ಶನಿವಾರ.

ಕೇಂದ್ರದಲ್ಲಿ ಹದಿನಾಲ್ಕನೇ ನಂಬರಿನ ಎರಡು ಬಟ್ಟಲುಗಳನ್ನು ಮೇಜಿನ ಮೇಲಿಟ್ಟು ಎಲ್ಲರೂ ಅವಳಿಗಾಗಿಯೇ ಕಾಯುತ್ತಿದ್ದರು. ಅವಳು ನೆಟ್ಟಗೆ ಡಾಕ್ಟರ ಕೋಣೆಗೆ ನುಗ್ಗಿ ಕಾರ್ಡನ್ನು ಅವರ ಮುಂದೆ ಹಾಕಿದಳು.

"ಇದು ನನ್ನ ಭಾವನ ಮಗಳು ಸಾಹೇಬ್ರೇ."

ಅಖೌರಿ ಕಾರ್ಡು ನೋಡಿದರು, ಕನ್ನಡಕ ತೆಗೆದರು. "ಕೂತ್ಕೋ ತೇತರಿ."

"ನಿಂತೇ ಕೇಳ್ತೀನಿ."

"ನೋಡು, ಬೇರೆಯವರ ಐವತ್ತು ನೊಣ ಬಿಚ್ಚಿದ್ರೆ ಒಂದರಲ್ಲಿ ಹುಳು ಸಿಗೋದೂ ಕಷ್ಟ. ಅದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಆ ಹುಡುಗಿಯದು ಮಾತ್ರ ಪ್ರತಿ ಸಲ ಸಿಗುತ್ತೆ. ಅವಳಿಗೆ ಔಷಧಿ ಕೊಟ್ಟೆ ಅಂದ್ರೆ ಈ ಕೆಲಸ ಅಲ್ಲಿಗೆ ನಿಂತ ಹಾಗೆ. ಇನ್ನು ಎರಡೇ ವಾರ. ಆಮೇಲೆ ನಾನೇ ಕರೆಸಿ ಕೊಡಿಸ್ತೀನಿ. ಆ ಕಲೆಯಿಂದ ಯಾರೂ ಸಾಯಲ್ಲ."

"ಎರಡು ವಾರ ಅಂತ ಎಷ್ಟು ಸಲ ಅಂದ್ಕೊಂಡ್ರಿ ಸಾಹೇಬ್ರೇ, ಹನ್ನೊಂದು ವಾರ ಆಗೋ ಹೊತ್ತಿಗೆ?"

ಅವರು ಕನ್ನಡಕವನ್ನು ಒರೆಸತೊಡಗಿದರು.

"ಕಲೆಯಿಂದ ಅವಳು ಸಾಯಲ್ಲ, ಸರಿ. ನಮ್ಮ ಟೋಲಾದಲ್ಲಿ ನೊಣ ಇಲ್ವಾ? ನಿಮ್ಮ ಪಂಜರದಲ್ಲಿ ಮಾತ್ರ ಇರೋದಾ? ಇಲ್ಲಿ ಕಚ್ಚಿದ ನೊಣಕ್ಕೆ ಹತ್ತೋ ಹುಳ ಅಲ್ಲಿ ಕಚ್ಚಿದ್ದಕ್ಕೆ ಹತ್ತಲ್ವಾ? ಹನ್ನೊಂದು ವಾರ ಅವಳು ನಮ್ಮ ಜೊತೇಲೇ ಮಲಗಿದಾಳೆ."

"ದೊಡ್ಡದನ್ನ ಯೋಚನೆ ಮಾಡು," ಅಖೌರಿಯವರ ದನಿ ಪಾಠ ಹೇಳುವಂತಾಯಿತು. "ಈ ಥೈಲಿ ಹರಿಯದ ಹಾಗೆ ಮಾಡೋಕೆ ಬಂದ್ರೆ ಹುಳು ನೊಣದೊಳಗೇ ಸಾಯುತ್ತೆ. ಎಷ್ಟು ಲಕ್ಷ ಜನ ಉಳೀತಾರೆ. ನಿನ್ನ ಗಂಡನಂಥೋರು."

"ನನ್ನ ಗಂಡನ್ನ ಈ ಮಾತಿಗೆ ತರ್ಬೇಡಿ," ಎಂದಳು ತೇತರಿ. ದನಿ ಏರಲಿಲ್ಲ, ಆದರೆ ಹೊರಗೆ ಬಾಗಿಲಲ್ಲಿದ್ದ ಶಗುಫ್ತಾ ಒಂದು ಹೆಜ್ಜೆ ಹಿಂದೆ ಸರಿದಳು. "ಅವನು ಸತ್ತಾಗ ಔಷಧಿ ಊರಿಗೆ ಬಂದಿರಲಿಲ್ಲ. ಅದು ಅವನ ಹಣೆಬರಹ. ಇವಳದು ನಿಮ್ಮ ಕೈಬರಹ. ಹುಳ ಇಲ್ಲ ಅಂತ ಮೊಹರು ಒತ್ತಿ ಕೊಟ್ರಲ್ಲ, ಅದನ್ನ ನೋಡಿ ಕುಷ್ಠ ಅಂದು ಬೀಗರು ಸಂಬಂಧ ಹರ್ಕೊಂಡು ಹೋದ್ರು. ನಿನ್ನೆ."

ಡಾಕ್ಟರಿಗೆ ಇದು ಗೊತ್ತಿರಲಿಲ್ಲ. ಒಂದು ಕ್ಷಣ ಮುಖ ಬಾಡಿತು. ಆದರೆ ಗಡಿಯಾರದ ಮೇಲೆ ಕಣ್ಣು ಹೋಯಿತು. "ಪಾಪ. ಅದನ್ನ ಆಮೇಲೆ ಮಾತಾಡೋಣ. ಮೊದಲು ನೊಣ ಬಿಚ್ಚು, ಹತ್ತು ಗಂಟೆ ಆಯ್ತು. ನಿನ್ನ ಕೆಲಸ ಪರ್ಮನೆಂಟ್ ಮಾಡೋ ಕಾಗದಾನೂ ಈ ಸಲ ಮೇಲಕ್ಕೆ ಕಳಿಸ್ತೀನಿ."

"ಹುಳ ಇದೆ ಅಂತ ಚೀಟಿ ಬರೀರಿ. ಚೀಟಿ ಮೊದಲು, ಸೂಜಿ ಆಮೇಲೆ."

ಅಷ್ಟು ಹೇಳಿ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತಳು. ಎರಡೂ ಕೈಗಳನ್ನು ಕಂಕುಳಲ್ಲಿ ಅವಚಿಕೊಂಡಳು.

ಒಳಗೆ ವಿದೇಶಕ್ಕೆ ಹೋಗಿ ಬಂದವರೊಬ್ಬರು ಸೂಜಿ ಹಿಡಿದರು. ಮೊದಲ ನೊಣದ ಥೈಲಿ ಹರಿಯಿತು. ಎರಡನೆಯದೂ ಹರಿಯಿತು. ತಾನಾಗಿ ಹರಿದಿತ್ತೋ ಸೂಜಿ ತಾಗಿ ಹರಿಯಿತೋ ಹೇಳಲು ಬಾರದೆ ಎರಡನ್ನೂ ಬಿಸಾಡಬೇಕಾಯಿತು. ಮೂರನೆಯದಕ್ಕೆ ಅಖೌರಿಯವರೇ ಕೂತರು. ಇಪ್ಪತ್ತು ವರ್ಷದ ಹಿಂದೆ ಅವರ ಕೈಯೂ ಚೆನ್ನಾಗಿತ್ತಂತೆ. ಈಗ ಸೂಜಿ ಎಲ್ಲೋ ಇಟ್ಟರೆ ಎಲ್ಲೋ ತಾಗುತ್ತಿತ್ತು. ಹನ್ನೊಂದೂವರೆ ಹೊತ್ತಿಗೆ ಏಳು ನೊಣ ಹಾಳಾಗಿದ್ದವು. ಉಳಿದವು ಐವತ್ತಮೂರು.

ಅವರು ಹೊರಗೆ ಬಂದು ಮೆಟ್ಟಿಲ ಹತ್ತಿರ ನಿಂತರು. "ಎಂಟು ವರ್ಷ ಅನ್ನ ಹಾಕಿದ ಜಾಗ ಇದು ತೇತರಿ."

"ಎಂಟು ವರ್ಷ ನಾನು ಗೇದಿದ್ದಕ್ಕೆ ಅನ್ನ. ನಿಮ್ಮ ಮನೆಯ ಪ್ರಸಾದ ಅಲ್ಲ."

"ಈ ನೊಣ ಹೋದ್ರೆ ಹನ್ನೊಂದು ವಾರದ ಕೆಲಸ ಮಣ್ಣುಪಾಲು."

"ಅದು ಯಾರ ಹನ್ನೊಂದು ವಾರ ಸಾಹೇಬ್ರೇ?"

ಮಧ್ಯಾಹ್ನ ಹನ್ನೆರಡೂಕಾಲಿಗೆ ಚೀಟಿ ಬಂತು. ತೇತರಿ ಅದನ್ನು ಶಗುಫ್ತಾಳ ಕೈಗೆ ಕೊಟ್ಟು, "ಗಟ್ಟಿಯಾಗಿ ಓದು ಮಗಳೇ," ಎಂದಳು. ಶಗುಫ್ತಾ ಓದಿದಳು. ಸುಗಿಯಾ ಕುಮಾರಿ, ಪರೋಪಜೀವಿ ಕಂಡುಬಂದಿದೆ, ಚಿಕಿತ್ಸೆಗೆ ಶಿಫಾರಸು. ಕೆಳಗೆ ಸಹಿ, ಮೊಹರು, ತಾರೀಕು.

"ಯಾವ ತಾರೀಕು?"

ಶಗುಫ್ತಾ ತಡವರಿಸಿದಳು. "ಇವತ್ತಿನದು ದೀದಿ. ಮೊದಲ ಸಲ ಇವತ್ತು ಕಂಡಿದ್ದು ಅಂತ ಬರ್ದಿದಾರೆ."

ತೇತರಿ ಚೀಟಿಯನ್ನು ಮಡಿಸಿ ಸೆರಗಿನ ಗಂಟಿಗೆ ಕಟ್ಟಿದಳು. ಮಾತ್ರೆಗೆ ಇದು ಸಾಕಿತ್ತು. ಆದರೆ ಹನ್ನೊಂದು ವಾರವನ್ನು ಆ ಮನುಷ್ಯ ಒಂದೇ ಗೆರೆಯಲ್ಲಿ ನುಂಗಿಬಿಟ್ಟಿದ್ದ. ಅವಳು ಎದ್ದು ಒಳಗೆ ಹೋದಳು. ಕೈ ತೊಳೆದು ತನ್ನ ಸ್ಟೂಲಿನ ಮೇಲೆ ಕುಳಿತಳು. ಸೂಜಿಗಳನ್ನು ದೀಪಕ್ಕೆ ಹಿಡಿದು ನೋಡಿದಳು. ಕೊಟ್ಟ ಮಾತಿನಂತೆ ಮೊದಲ ನೊಣವನ್ನು ಬಿಚ್ಚಿದಳು. ಕರುಳು ಇಡಿಯಾಗಿ ಹೊರಬಂತು. ಡಾಕ್ಟರು ಉಸಿರು ಬಿಟ್ಟರು.

"ಬರ್ಕೋ," ಎಂದಳು ತೇತರಿ. "ಸುಗಿಯಾ. ಒಂದನೇ ನೊಣ. ಥೈಲಿ ಹರಿದಿದೆ, ಹುಳ ಹೊರಗೆ, ಜೀವ ಇದೆ."

ಶಗುಫ್ತಾಳ ಪೆನ್ನು ನಿಂತಿತು. ಆ ರಿಜಿಸ್ಟರಿನ ಪ್ರತಿ ಹಾಳೆಗೂ ಅಚ್ಚಿನ ಸಂಖ್ಯೆ ಇತ್ತು. ಬರೆದದ್ದನ್ನು ಅಳಿಸುವಂತಿರಲಿಲ್ಲ, ಹಾಳೆ ಹರಿಯುವಂತಿರಲಿಲ್ಲ. ಹೆಸರು ಬರೆಯುವಂತೆಯೂ ಇರಲಿಲ್ಲ.

"ನಂಬರು ಬರಿ ಶಗುಫ್ತಾ," ಎಂದರು ಅಖೌರಿ.

"ಹೆಸರು ಬರಿ," ಎಂದಳು ತೇತರಿ, ಕಣ್ಣು ಎತ್ತದೆ. "ಇಲ್ಲಾಂದ್ರೆ ನನ್ನ ಕೈ ನಿಂತಿತು ಅಂತ ತಿಳ್ಕೋ. ಮೊದಲನೇ ಹಾಳೆಯಿಂದ ಹದಿನಾಲ್ಕು ಅಂತ ಎಲ್ಲೆಲ್ಲಿದೆಯೋ ಅದು ಇವಳದೇ ಅಂತಾನೂ ಇಲ್ಲಿ ಬರಿ. ತಾರೀಕು ಸಮೇತ."

ಮೇಜಿನ ಮೇಲೆ ಐವತ್ತೆರಡು ನೊಣಗಳಿದ್ದವು. ಡಾಕ್ಟರು ಅವುಗಳನ್ನು ನೋಡಿದರು, ರಿಜಿಸ್ಟರನ್ನು ನೋಡಿದರು. ಅವರಿಗೆ ನಿಲ್ಲಿಸು ಎನ್ನುವ ಅಧಿಕಾರ ಇತ್ತು. ಅವರು ನಿಲ್ಲಿಸು ಎನ್ನಲಿಲ್ಲ. ಶಗುಫ್ತಾ ಅವರ ಮುಖವನ್ನೇ ನೋಡುತ್ತಿದ್ದವಳು ಕೊನೆಗೆ ತಲೆ ತಗ್ಗಿಸಿ ಬರೆದಳು, ನೀಲಿ ಶಾಯಿಯಲ್ಲಿ, ದುಂಡಗೆ.

ಸಂಜೆ ನಾಲ್ಕೂವರೆಯ ತನಕ ತೇತರಿ ನೀರನ್ನೂ ಮುಟ್ಟದೆ ಬಿಚ್ಚಿದಳು. ಒಂದು ಥೈಲಿಯೂ ಅವಳ ಸೂಜಿಯಿಂದ ಹರಿಯಲಿಲ್ಲ. ಹರಿದುಬಿಡೋಣ ಎಂದು ಮೂರು ನಾಲ್ಕು ಸಲ ಅನಿಸಿತ್ತು. ಸ್ವಲ್ಪ ಜಾಸ್ತಿ ಎಳೆದರೆ ಸಾಕು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಈ ಲೆಕ್ಕಕ್ಕೆ ಸುಗಿಯಾ ತನ್ನ ಕೈ ಕೊಟ್ಟಿದ್ದಳು. ಅದನ್ನು ಸುಳ್ಳು ಮಾಡಲು ತೇತರಿಗೆ ಮನಸ್ಸಾಗಲಿಲ್ಲ. ಸಕ್ಕರೆ ನೀರಿನ ಬಟ್ಟಲು ಮುಗಿದು ಮದ್ದಿನ ಬಟ್ಟಲು ಬಂದಾಗ ಲೆಕ್ಕ ಬದಲಾಯಿತು. "ಸುಗಿಯಾ. ಥೈಲಿ ಗಟ್ಟಿ. ಹುಳ ಒಳಗೇ ಇದೆ." ಮತ್ತೆ, "ಸುಗಿಯಾ. ಥೈಲಿ ಗಟ್ಟಿ. ಒಳಗೇ ಸತ್ತಿದೆ." ಪ್ರತಿ ಸಲವೂ ಅಖೌರಿಯವರ ಕಣ್ಣು ಹೊಳೆಯುತ್ತಿತ್ತು, ಹೆಸರು ಕೇಳಿದಾಗ ಇಳಿಯುತ್ತಿತ್ತು. ಮದ್ದು ಕೆಲಸ ಮಾಡಿತ್ತು. ಇಪ್ಪತ್ತೇಳು ನೊಣಗಳಲ್ಲಿ ಥೈಲಿ ಹರಿದದ್ದು ಎರಡರಲ್ಲಿ ಮಾತ್ರ. ಸೂಜಿ ಹಿಡಿದ ಆರು ವರ್ಷದಲ್ಲಿ ತೇತರಿ ಅಂಥದ್ದನ್ನು ಕಂಡಿರಲಿಲ್ಲ. ಬೇರೆ ದಿನವಾಗಿದ್ದರೆ ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಕೂಗುತ್ತಿದ್ದಳು. ಅಂದು ಸೂಜಿ ಒರೆಸಿಟ್ಟು, ಯಾರ ಮುಖವನ್ನೂ ನೋಡದೆ ಮನೆಗೆ ನಡೆದಳು.

ಸೋಮವಾರ ಸುಗಿಯಾಳನ್ನು ಕರೆದುಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದಳು. ಅಲ್ಲಿನ ಡಾಕ್ಟರಮ್ಮ ಚೀಟಿ ನೋಡಿ, ಕಲೆ ನೋಡಿ, "ಇಷ್ಟು ದಿನ ಏನು ಮಾಡ್ತಿದ್ರಿ?" ಎಂದು ಅವರಿಬ್ಬರನ್ನೇ ಗದರಿದಳು. ಸುಗಿಯಾ ಬಾಯಿ ತೆರೆಯುವ ಮೊದಲೇ ತೇತರಿ, "ನೊಣ ಸಾಕ್ತಿದ್ವಿ," ಎಂದಳು. ಹನ್ನೆರಡು ವಾರದ ಮಾತ್ರೆ. ಮುಗಿದ ಮೇಲೂ ಕೆಲವು ತಿಂಗಳು ಬಸಿರಾಗಬಾರದು ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದಳು. "ಆ ಚಿಂತೆ ಇಲ್ಲ," ಎಂದಳು ಸುಗಿಯಾ. ಮೊದಲ ವಾರಗಳಲ್ಲಿ ತಿಂದದ್ದೆಲ್ಲ ವಾಂತಿ. ಕಬೂತ್ರಿ ಮಗಳ ತಲೆ ಹಿಡಿದು ಕೂರುತ್ತಿದ್ದಳು, ತೇತರಿಯ ಜೊತೆ ಮಾತಾಡುತ್ತಿರಲಿಲ್ಲ. ಮಾಘದ ಹೊತ್ತಿಗೆ ಅವಳೇ ಒಂದು ದಿನ ಹುರಿಗಡಲೆ ಹಿಟ್ಟು ಕಲಸಿ ತಂದು ಓರಗಿತ್ತಿಯ ಮುಂದಿಟ್ಟು ಹೋದಳು.

ಮಾಘದಲ್ಲೇ ಕೇಂದ್ರಕ್ಕೆ ದೊಡ್ಡ ಊರಿನಿಂದ ತಪಾಸಣೆಯವರು ಬಂದರು. ನಂಬರು ಇರಬೇಕಾದ ಕಡೆ ಹೆಸರು ಕಂಡು, ಇದೇನೆಂದು ಕೇಳಿದರು. ಶಗುಫ್ತಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳಂತೆ. ಬೀರುವಿನ ಪಟ್ಟಿ ತೆಗೆಸಿದರು. ಹೋಳಿ ಹಬ್ಬಕ್ಕೆ ಮೊದಲು ಡಾಕ್ಟರ್ ಅಖೌರಿಯವರಿಗೆ ವರ್ಗವಾಯಿತು. ಶಿಕ್ಷೆ ಎಂದು ಕೆಲವರು, ಇನ್ನೂ ದೊಡ್ಡ ಕೇಂದ್ರ ಸಿಕ್ಕಿತು ಎಂದು ಕೆಲವರು. ತೇತರಿಗೂ ಒಂದು ಕಾಗದ ಬಂತು. ಸುಗಿಯಾ ಅದನ್ನು ಅಕ್ಷರ ಕೂಡಿಸಿ ಓದಿದಳು. ರೋಗಿಯ ಹೆಸರನ್ನು ಬಹಿರಂಗ ಮಾಡಿ ಗುಟ್ಟು ಮುರಿದ ಕಾರಣ ಕೆಲಸದಿಂದ ತೆಗೆಯಲಾಗಿದೆ.

"ಯಾವ ರೋಗಿ ಕಾಕಿ?"

"ನೀನೇ."

ಸುಗಿಯಾ ಕಾಗದವನ್ನು ಇನ್ನೊಮ್ಮೆ ಓದಿದಳು. "ನನ್ನನ್ನ ಯಾರೂ ಕೇಳಲೇ ಇಲ್ವಲ್ಲ," ಎಂದಳು.

ತೇತರಿ ಕೂಲಿಗೆ ಹೋದಳು. ಸೂಜಿ ಹಿಡಿದ ಬೆರಳಿಗೆ ಕುಡುಗೋಲು ಹೊಂದಿಕೊಳ್ಳಲು ಒಂದು ಕೊಯ್ಲು ಹಿಡಿಯಿತು. ವೈಶಾಖದಲ್ಲಿ ಸುಗಿಯಾಳ ಕೆನ್ನೆಯ ಕಲೆ ಹುಡುಕಿದರೆ ಕಾಣುವಷ್ಟಕ್ಕೆ ಬಂದಿತ್ತು. ನದಿಯಾಚೆಗೂ ಸುದ್ದಿ ಹೋಗಿರಬೇಕು. ಮರ್ಛಿಯಾ ಒಬ್ಬಳೇ ಬಂದು, ಈ ಸಲ ಚಾಪೆಯ ಮೇಲೆ ಕೂತು, "ಆಗಿದ್ದಾಯ್ತು, ಹುಡುಗ ಇನ್ನೂ ಹಾಗೇ ಇದಾನೆ," ಎಂದು ರಾಗ ಎಳೆದಳು. ಕಬೂತ್ರಿಯ ಮುಖ ಅರಳಿತು. ಸುಗಿಯಾ ಒಳಗಿನಿಂದಲೇ ಹೇಳಿದಳು: "ಹಾಗೇ ಇರಲಿ ಬಿಡಿ. ನನ್ನ ಮುಖ ನೋಡಿ ಬಂದೋರಿಗೆ ನನ್ನ ಮುಖ ತೋರಿಸಲ್ಲ."

ಜ್ಯೇಷ್ಠದಲ್ಲಿ ಹೊಸ ಜೀಪೊಂದು ಟೋಲಾಗೆ ಬಂತು. ಬೇರೆ ಕೇಂದ್ರ, ಬೇರೆ ಜನ. ತೆಳ್ಳಗಿನ ಯುವಕ ಡಾಕ್ಟರೊಬ್ಬ ಇಳಿದು, ಜ್ವರ ಬಂದುಹೋದವರು ಯಾರು, ಕಲೆ ಇರುವವರು ಯಾರು ಎಂದು ವಿಚಾರಿಸಿದ. ಹೆಂಗಸರು ತೇತರಿಯ ಮನೆ ತೋರಿಸಿದರು. ಅವನು ಮಾತಿನಲ್ಲಿ ಮರ್ಯಾದೆಯವನು, "ನಿಮ್ಮ ಕೈ ಬಗ್ಗೆ ಕೇಳಿದೀನಿ ತೇತರಿಜೀ," ಎಂದ. ಥೈಲಿಯ ಮದ್ದಿನ ಕೆಲಸವನ್ನು ಮುಂದುವರಿಸುತ್ತಾರಂತೆ. ಅವಳ ಒಳಗೆ ಏನೋ ಎದ್ದಿತು, ಸೂಜಿಯ ಆಸೆಯೇ ಇರಬೇಕು. ಅದನ್ನು ಅದುಮಿದಳು.

"ಹುಳ ಸಿಕ್ಕ ದಿನವೇ ಔಷಧಿ. ಬಾಯಲ್ಲಿ ಬೇಡ, ಬರ್ಕೊಂಡು ಬಂದಿದೀರಾ?"

ಬರೆದುಕೊಂಡೇ ಬಂದಿದ್ದ. ಅಚ್ಚು ಹಾಕಿಸಿದ ಕಾಗದ. ಸುಗಿಯಾ ಹೊಸ್ತಿಲ ಮೇಲೆ ಕೂತು, ಸಾಲಿನ ಕೆಳಗೆ ಬೆರಳಿಟ್ಟು ಓದಿದಳು. ಟೋಲಾದ ಹೆಂಗಸರೆಲ್ಲ ಸುತ್ತ ನಿಂತಿದ್ದರು. ಕೊನೆಯ ಸಾಲಿಗೆ ಬಂದು ಅವಳ ಬೆರಳು ನಿಂತಿತು.

"ಶೀಘ್ರದಲ್ಲಿ ಅಂತಿದೆ ಕಾಕಿ. ಸೋಂಕು ಕಂಡುಬಂದವರಿಗೆ ಶೀಘ್ರದಲ್ಲಿ ಚಿಕಿತ್ಸೆ ಕೊಡಿಸಲಾಗುವುದು."

"ಶೀಘ್ರ ಅಂದ್ರೆ ಎಷ್ಟು ದಿನ ಡಾಕ್ಟರ್ ಬಾಬು?" ಎಂದು ಕೇಳಿದಳು ತೇತರಿ.

"ಅಂದ್ರೆ ಬೇಗನೇ. ಕಾಗದದ ಭಾಷೆ ಹಾಗೇ ಇರುತ್ತೆ. ನೀವು ನಂಬಬೇಕು."

ತೇತರಿ ಕಾಗದವನ್ನು ಸುಗಿಯಾಳ ಕೈಯಿಂದ ತೆಗೆದು, ಮಡಿಕೆ ಬೀಳದಂತೆ ಆ ಯುವಕನ ಕೈಗೆ ವಾಪಸು ಕೊಟ್ಟಳು.

"ಆ 'ಶೀಘ್ರದಲ್ಲಿ' ಅನ್ನೋದನ್ನ ಹೊಡೆದುಹಾಕಿ 'ಆವತ್ತೇ' ಅಂತ ಹಾಕಿಸ್ಕೊಂಡು ಬನ್ನಿ," ಎಂದಳು. "ಅಲ್ಲಿ ತನಕ ನಮ್ಮ ಟೋಲಾದ ಒಂದು ಕೈಯೂ ನಿಮ್ಮ ಬಟ್ಟಲಿಗೆ ಬರಲ್ಲ."

ಅವನು ಇನ್ನೂ ಏನೋ ಹೇಳಲು ನೋಡಿದ. ಹೆಂಗಸರು ಒಬ್ಬೊಬ್ಬರಾಗಿ ಮನೆಯೊಳಗೆ ಹೋದರು. ಜೀಪು ತಿರುಗಿಕೊಂಡು, ದೊಡ್ಡ ರಸ್ತೆಯ ಕಡೆಗೆ ಹೊರಟಿತು.